ಬ್ರಹ್ಮಾಂಡದ ಕಾಂತಶಕ್ತಿಯ ಮೂಲ



ಕ್ರಿ. ಶ. 1980ನೆಯ ಫೆಬ್ರುವರಿ 16ರ ಅಪರಾಹ್ನದಲ್ಲಿ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತೀರದಿಂದ ಘಟ್ಟವನ್ನೇರಿ ಶಿರಸಿ ಯಲ್ಲಾಪುರಗಳ ಮೇಲೆ ಹಾಯ್ದುಹೋಯಿತು. ಅಂದು ದೇಶದೊಳಗೆ ಅಸಂಖ್ಯ ಜನರು ಭಯದಿಂದ ಕದವಿಕ್ಕಿ ಒಳಗೆ ಕುಳಿತರು. ಪಂಚಸೂತಕಗಳನ್ನೇ ಅಲ್ಲಗಳೆದ ಶರಣಧರ್ಮದವರಿಗೆ ಅಂತಹ ಭಯವು ತರವಲ್ಲ. ಹೊರಗೆ ನಿಂತು ತಕ್ಕ ರಕ್ಷಣೆಯೊಡನೆ ನೋಡಿದವರಿಗೆ ಕಂಡುದೇನು? ಕರಿಯ ಬಿಂಬದ ಸುತ್ತಲೂ ಎಳೆಯೆಳೆಯಾಗಿ ಹರಡಿದ ಬೆಳ್ಳಿಯ ಪ್ರಭಾವಲಯ. ಆ ಎಳೆಗಳನ್ನು ಬಾಚಿ ನಿಲ್ಲಿಸಿದುದು ಸೂರ್ಯನ ಕಾಂತಶಕ್ತಿ. ಸೂಜಿಗಲ್ಲಿನ ಮೇಲೆ ಕಾಗದವನ್ನಿರಿಸಿ ಕಬ್ಬಿಣದ ಪುಡಿಯನ್ನು ಉದುರಿಸಿದರೆ ಮೂಡುವ ರೇಖೆಗಳಿಗೂ ಇವಕ್ಕೂ ನ್ಯಾಯವೊಂದೇ.

ಈ ಶಕ್ತಿಯು ಸೂರ್ಯನಲ್ಲಿ ಮಾತ್ರವೇ ಇರುವುದೆಂದಲ್ಲ. 1949ರಲ್ಲಿ ಅಮೆರಿಕೆಯ ಹಿಲ್ಟ್ನರ್ ಮತ್ತು ಹಾಲ್ ಎಂಬ ಜ್ಯೋತಿರ್ವಿದರು, ದೂರದ ನಕ್ಷತ್ರಗಳ ಬೆಳಕಿನ ಕಂಪನವು ಕೊಂಚ ಒಂದು ದಿಕ್ಕಿಗೆ ವಾಲಿರುವುದನ್ನು ಪ್ರಕಟಿಸಿದರು. ಆಕಾಶಗಂಗೆಯೊಳಗಣ ಧೂಳಿನ ಕಣಗಳನ್ನು ಕಾಂತಕ್ಷೇತ್ರವು ಸಾಲುಗೊಳಿಸಿರುವುದೇ ಅದಕ್ಕೆ ಕಾರಣವೆಂದು ತಿಳಿಯಬಂದಿತು. ಆ ಕ್ಷೇತ್ರವು ದಿಕ್ಸೂಚಿಯ ಮುಳ್ಳನ್ನಾಡಿಸುವ ಭೂಕ್ಷೇತ್ರದ ಲಕ್ಷದಲ್ಲೊಂದು ಪಾಲಿನಷ್ಟು ದುರ್ಬಲವಾದುದು. ಆದರೂ ಸಾವಿರಾರು ಜ್ಯೋತಿರ್ವರ್ಷಗಳ ಉದ್ದಕ್ಕೆ ವ್ಯಾಪಿಸಿರುವುದು.

ಅದು ಬಂದುದೆಲ್ಲಿಂದ? ವಿದ್ಯುದಂಶವುಳ್ಳ ಅನಿಲವು ಸುತ್ತುತ್ತ ಕದಡುತ್ತ ಕಾಂತರೇಖೆಗಳನ್ನು ಎಳೆದು, ತಿರುಚಿ, ಮಡಿಚಿ ಬಲಗೊಳಿಸುವುದು. ಇದಕ್ಕೆ ಡೈನಮೋ ಎಂದು ಹೆಸರು. ಆದರೆ ಇಲ್ಲೊಂದು ತೊಡಕುಂಟು. ಹಾಲೆಷ್ಟಿದ್ದರೂ ಹೆಪ್ಪಿನ ಹನಿಯಿಲ್ಲದೆ ಮೊಸರಾಗದೆಂಬುದನ್ನು ಶಿರಸಿ ಸಿದ್ದಾಪುರಗಳ ತಾಯಂದಿರೆಲ್ಲ ಬಲ್ಲರು. ಡೈನಮೋ ಇದ್ದುದನ್ನು ಬೆಳೆಸಬಲ್ಲುದಲ್ಲದೆ ಇಲ್ಲದುದನ್ನು ಹುಟ್ಟಿಸಲಾರದು. ಹಾಗಾದರೆ ಮೊದಲ ಹೆಪ್ಪು ಎಲ್ಲಿಯದು? ಪರಶಿವನ ಲೀಲೆಯೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆದರೆ ಲೀಲೆಯ ಪರಿಯನ್ನು ಅರಸುವುದು ಭಕ್ತಿಗೆ ಕುಂದಲ್ಲ.

1950ರಲ್ಲಿ ಜರ್ಮನಿಯ ಬೀರ್ಮನ್ನರು ಒಂದುತ್ತರವನ್ನಿತ್ತರು. ಅನಿಲದ ಒತ್ತಡ ಸಾಂದ್ರತೆಗಳು ಬೇರೆ ಬೇರೆ ದಿಕ್ಕಿಗೆ ಏರುವೆಡೆಯಲ್ಲಿ ಹಗುರವಾದ ಎಲೆಕ್ಟ್ರಾನುಗಳು ಭಾರವಾದ ಕಣಗಳನ್ನಗಲಿ ಸರಿಯುವುದರಿಂದ ವಿದ್ಯುತ್ಪ್ರವಾಹವು ಹುಟ್ಟಿ, ಅತ್ಯಲ್ಪವಾದ ಕಾಂತಬೀಜವು ಮೊಳೆಯುವುದು. ಮತ್ತೆ ಕೆಲವರು ಆ ಬೀಜವು ಸೃಷ್ಟಿಯ ಮೊದಲ ಕ್ಷಣಗಳಲ್ಲಿಯೇ ಬಿತ್ತಲ್ಪಟ್ಟಿತೆನ್ನುವರು. ಅಂತಹ ಆದಿಕ್ಷೇತ್ರವಿದ್ದ ಪಕ್ಷದಲ್ಲಿ ಅದು ಅನಿಲವನ್ನು ಕಾಯಿಸಿ ಪ್ರಥಮ ನಕ್ಷತ್ರಗಳ ಉದಯವನ್ನು ತ್ವರೆಗೊಳಿಸಬಹುದಾಗಿತ್ತೆಂದು ಬೆಂಗಳೂರಿನ ರಾಮನ್ ಸಂಶೋಧನಾಲಯದ ಶಿವ್ ಸೇಠಿಯವರೂ ಪುಣೆಯ ಕಂದಸ್ವಾಮಿ ಸುಬ್ರಮಣಿಯನ್ನರೂ 2005ರಲ್ಲಿ ಗಣಿತದಿಂದ ತೋರಿಸಿದರು.

2010ರಲ್ಲಿ ಗಾಮಾ ಕಿರಣಗಳ ಪರೀಕ್ಷೆಯಿಂದ, ನಕ್ಷತ್ರವ್ಯೂಹಗಳಿಲ್ಲದ ಬಯಲಿನಲ್ಲಿಯೂ ಕ್ಷೀಣವಾದ ಕಾಂತಕ್ಷೇತ್ರವಿರುವ ಲಕ್ಷಣವು ಕಂಡುಬಂದಿತು. ಕದಡುವವರೇ ಇಲ್ಲದ ಬಯಲಿನಲ್ಲಿ ಆ ಶಕ್ತಿಯಿರುವುದು ಆದಿಬೀಜದ ವಾದಕ್ಕೆ ಬಲವನ್ನು ಕೊಡುವುದು. ನಕ್ಷತ್ರವ್ಯೂಹಗಳಿಂದ ಹೊರಚಿಮ್ಮಿದ ಅನಿಲವೇ ಅದನ್ನು ಅಲ್ಲಿಗೆ ಒಯ್ದಿರಬಹುದೆಂಬ ಆಕ್ಷೇಪವೂ ಉಂಟು. ವ್ಯಾಜ್ಯವು ಇನ್ನೂ ತೀರಿಲ್ಲ.