ಭಾನುವಾರ ಎಲ್ಲಿ ಹೋಯಿತು?

2021ರ ಜನವರಿ 9, ಶನಿವಾರ. ರಾತ್ರಿ ಸುಮಾರು ಎಂಟೂವರೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ವಿಮಾನವೊಂದು ಹೊರಟಿತು. ಓಡಿಸಿದ ಪೈಲಟ್‌ಗಳೆಲ್ಲ ಮಹಿಳೆಯರೇ. ಅವರ ಮುಂದಾಳು ಜೋಯಾ ಅಗರ್ವಾಲ್. ನಡುವೆ ಎಲ್ಲೂ ಇಳಿಯದೆ ಬೆಂಗಳೂರು ಮುಟ್ಟಿದಾಗ ಸೋಮವಾರ ನಸುಕಿನ ಮೂರು ದಾಟಿತ್ತು. ಹಾರಿದ್ದು ಮಾತ್ರ ಸುಮಾರು 17 ಗಂಟೆ. ಹಾಗಾದರೆ ನಡುವಿನ ಭಾನುವಾರ ಎಲ್ಲಿ ಹೋಯಿತು? ಅದೂ ರಜೆಯ ದಿನ!

ಯಾರೂ ಕದ್ದಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಆ ಊರಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ವಿಮಾನ ಅಲ್ಲಿ ನೆಲ ಬಿಟ್ಟಾಗ ಇಲ್ಲಿ ಆಗಲೇ ಭಾನುವಾರ ಬೆಳಗಿನ ಹತ್ತು ಗಂಟೆ. ಅದಕ್ಕೆ 17 ಕೂಡಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಇಲ್ಲಿಂದ ಹೋಗುವವರಿಗೆ ಎಲ್ಲ ಉಲ್ಟಾ. ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದರೂ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿದಿರುತ್ತಾರೆ! ಟಿಕೆಟ್ ನೋಡಿದ ಅಜ್ಜಿ ‘ಬರೀ ಎರಡೂವರೆ ಗಂಟೆಯ ದಾರಿಯಾ?’ ಅಂದರೆ ನಗಬೇಡಿ. ಟಿಕೆಟಿನಲ್ಲಿ ಆಯಾ ಊರಿನ ಹೊತ್ತನ್ನೇ ಬರೆದಿರುತ್ತಾರೆ.

ಇನ್ನು ದೂರ. ಗೋಡೆಯ ಭೂಪಟವನ್ನು ನಂಬಿ, ಪೆಸಿಫಿಕ್ ಸಾಗರದ ಮೇಲೆ ಗೆರೆ ಎಳೆದಂತೆ ಹಾರಿದರೆ 16,000 ಕಿ.ಮೀ. ಮೀರುತ್ತದೆ. ಆದರೆ ಭೂಮಿ ಹಾಳೆಯಲ್ಲವಲ್ಲ! ಶಾಲೆಯ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಕೂರುತ್ತದೆ. ಆ ದಾರಿ ಸುಮಾರು 14,000 ಕಿ.ಮೀ. ಅಷ್ಟೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಸುತ್ತಿಕೊಂಡು ಹೋಗುವುದಕ್ಕಿಂತ ನೆತ್ತಿಯ ಕಡೆಯಿಂದ ದಾಟುವುದೇ ಹತ್ತಿರ. ಜೋಯಾ ಅವರ ತಂಡವಂತೂ ಉತ್ತರ ಧ್ರುವದ ಮೇಲೆಯೇ ಹಾರಿ ಬಂತು.

ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಹೋಗುವಾಗಿನದಕ್ಕಿಂತ ಬರುವಾಗ ಹೆಚ್ಚು ಹೊತ್ತು ಏಕೆ? ವಿಮಾನ ಹಾರುವ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ, ಬರುವವರಿಗೆ ಎದುರು ಗಾಳಿ. ಅದಕ್ಕೇ ವಿಮಾನಗಳು ಅಂದಂದಿನ ಗಾಳಿ ನೋಡಿ ದಾರಿ ಆರಿಸಿಕೊಳ್ಳುತ್ತವೆ.

ಧ್ರುವದ ಕಡೆ ಹಾರುವವರಿಗೆ ಮತ್ತೊಂದು ತಲೆಬಿಸಿ, ಚಳಿಯದು. ಅಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ 60 ಡಿಗ್ರಿ ಕೆಳಗೂ ಇಳಿಯಬಹುದು. ವಿಮಾನದ ಇಂಧನವೋ ಅದರ ಬಗೆಗೆ ತಕ್ಕಂತೆ ಸೊನ್ನೆಗಿಂತ 40ರಿಂದ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಬಹುದು, ಅದನ್ನು ತುಂಬಿರುವುದು ರೆಕ್ಕೆಗಳಲ್ಲಿ. ಪೈಲಟ್‌ಗಳು ಇಂಧನದ ಉಷ್ಣಾಂಶದ ಮೇಲೆ ಕಣ್ಣಿಟ್ಟೇ ಇರುತ್ತಾರೆ. ತೀರಾ ತಣ್ಣಗಾದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯುತ್ತಾರೆ. ಇಲ್ಲವೇ ವೇಗವನ್ನು ತುಸು ಹೆಚ್ಚಿಸುತ್ತಾರೆ; ಗಾಳಿಯ ಒತ್ತಡ, ತಿಕ್ಕಾಟಕ್ಕೆ ರೆಕ್ಕೆ ಬೆಚ್ಚಗಾಗುತ್ತದೆ.