ಕರಾವಳಿಯ ಸೆಕೆ ಮತ್ತು ಹೊಸದಾಗಿ ಸೇರಿದ ಮಗು



ಮಂಜೇಶ್ವರ, ಕುಂಬಳೆ, ಕಾಸರಗೋಡು ಭಾಗದ ನಮ್ಮ ಕನ್ನಡ ಮಾಧ್ಯಮದ ತರಗತಿಗಳಿಗೆ ಹೊರಗಿನಿಂದ ಬಂದು ಸೇರುವ ಮಕ್ಕಳಿದ್ದಾರೆ. ಕೆಲವರು ವಿಜಯಪುರ, ಬಾಗಲಕೋಟೆ ಕಡೆಯಿಂದ ಕೂಲಿಗಾಗಿ ಬಂದ ಕುಟುಂಬಗಳವರು; ಕೆಲವರು ಮಡಿಕೇರಿಯಂಥ ತಂಪು ಊರಿನಿಂದ ಇಳಿದು ಬಂದವರು. ಫೆಬ್ರವರಿ ಕಳೆದು ಸೆಕೆ ಏರತೊಡಗಿದಾಗ ಇವರು ಡೆಸ್ಕಿಗೆ ತಲೆಯಿಟ್ಟು ಮಲಗುವುದುಂಟು. ಅದನ್ನು ಆಲಸ್ಯವೆಂದು ತೀರ್ಮಾನಿಸುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಮಡಿಕೇರಿಯ ಮಗುವಿನ ಕಷ್ಟ ಯಾರಿಗೂ ಅರ್ಥವಾಗುತ್ತದೆ. ಅನ್ಯಾಯವಾಗುವುದು ವಿಜಯಪುರದ ಮಗುವಿಗೆ. ‘40 ಡಿಗ್ರಿ ಬಿಸಿಲಿನಲ್ಲಿ ಬೆಳೆದವನಿಗೆ ಇಲ್ಲಿನ 34 ಡಿಗ್ರಿ ಯಾವ ಲೆಕ್ಕ?’ ಎನ್ನುತ್ತೇವೆ. ಲೆಕ್ಕ ತಪ್ಪುವುದು ಅಲ್ಲಿಯೇ. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯದು. ಅದು ಆರಿದಾಗ ತಣಿಯುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮುನ್ನವೇ ಆರಿಹೋಗುತ್ತದೆ. ಕಡಲಿನ ತೇವ ತುಂಬಿದ ಗಾಳಿಯಲ್ಲಿ ಅದು ಸುಲಭವಾಗಿ ಆರದು; ಅಂಗಿ ತೋಯುತ್ತದೆ, ಕಾವು ಒಳಗೇ ಉಳಿಯುತ್ತದೆ. ಅಲ್ಲಿ ಬೇವಿನ ನೆರಳು ಸೇರಿದರೆ ಹಾಯೆನಿಸುತ್ತದೆ. ಇಲ್ಲಿ ನೆರಳಿನಲ್ಲೂ ಸೆಕೆ, ನಡುರಾತ್ರಿಯಲ್ಲೂ ಸೆಕೆ. ನಿದ್ದೆಗೆಟ್ಟ ಮಗುವೇ ಮೊದಲ ಪಿರಿಯಡ್ಡಿನಲ್ಲಿ ನಮ್ಮೆದುರು ಕುಳಿತಿರುತ್ತದೆ.

ಬಿಸಿಲು, ಝಳ, ಧಗೆ, ಸೆಕೆ ಇವು ಒಂದೇ ಅರ್ಥದ ಪದಗಳಲ್ಲ. ಪಠ್ಯಪುಸ್ತಕದ ‘ಉಷ್ಣಾಂಶ’ ಈ ಭೇದವನ್ನೆಲ್ಲ ನುಂಗಿಬಿಡುತ್ತದೆ. ತನಗಾಗುತ್ತಿರುವುದನ್ನು ಹೇಳಲು ಮಗುವಿಗೆ ಮಾತು ಸಿಗದಿರಬಹುದು. ಸೆಕೆಯೆಂಬ ನಮ್ಮ ಪದವನ್ನು ಕೊಟ್ಟು, ಅದರ ಊರಿನ ಪದವನ್ನು ಕೇಳಿ ಪಡೆಯೋಣ. ಇದು ಭಾಷಾಪಾಠವೂ ಹೌದು.

ಹೊಸ ಹವೆಗೆ ದೇಹ ಹೊಂದಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಮೂಡುತ್ತದೆ, ಬೆವರಿನೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಇದು ಮನೋಬಲದಿಂದ ಆಗುವಂಥದ್ದಲ್ಲ; ದಿನವಿಡೀ ಫ್ಯಾನಿನಡಿ ಕುಳಿತರೂ ಆಗದು. ಆದ್ದರಿಂದ ಆಟದಿಂದ ಮಗುವನ್ನು ಪೂರ್ತಿ ಹೊರಗಿಡಬೇಡಿ. ಮೊದಲ ದಿನ ಹತ್ತು ನಿಮಿಷ, ಬಳಿಕ ದಿನದಿಂದ ದಿನಕ್ಕೆ ತುಸು ಹೆಚ್ಚು, ಅದೂ ಬೆಳಗಿನ ಹೊತ್ತಿನಲ್ಲಿ. ಒಂದು ತಿಂಗಳು ಊರಿಗೆ ಹೋಗಿ ಬಂದ ಮಗು ಬಹುಮಟ್ಟಿಗೆ ಮತ್ತೆ ಹೊಸಬನೇ.

ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಬಂದಿದೆ. ಒಳ್ಳೆಯದು, ಆದರೆ ಸಾಲದು. ಶೌಚಾಲಯ ಶುಚಿಯಾಗಿಲ್ಲವೆಂದೇ ನೀರು ಮುಟ್ಟದ ಹೆಣ್ಣುಮಕ್ಕಳಿದ್ದಾರೆ. ಅಲ್ಲಿ ಗಂಟೆ ಏನು ಮಾಡೀತು? ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಬೆರೆಸಿ ಕುಡಿಯುವುದು ಇಲ್ಲಿನವರ ರೂಢಿ. ರೊಟ್ಟಿಯುಂಡು ಬೆಳೆದ ಮಗುವಿಗೆ ಅದು ರುಚಿಸದಿದ್ದರೆ ಒತ್ತಾಯ ಬೇಡ. ಉಪ್ಪು ಹಾಕಿದ ಮಜ್ಜಿಗೆ ಎರಡೂ ಕಡೆಯವರಿಗೆ ಪರಿಚಿತ.

ತಲೆನೋವು, ಓಕರಿಕೆ, ಸ್ನಾಯುಸೆಳೆತ ಕಂಡರೆ ಆಟ ನಿಲ್ಲಿಸಿ, ಗಾಳಿ ಬರುವಲ್ಲಿ ಮಲಗಿಸಿ, ನೀರು ಕೊಡಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಎಚ್ಚರ ತಪ್ಪಿದರೆ, ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ವಾಹನಕ್ಕೆ ಹೇಳಿಕಳುಹಿಸಿ. ಅದು ಬರುವವರೆಗೂ ಮೈಗೆ ತಣ್ಣೀರು ಸುರಿಯುತ್ತ ಬೀಸುತ್ತಿರಿ.