ಗೋಡೆಯ ಹಿಂದಿನ ಕೊಳವೆ



ಆಸ್ಪತ್ರೆ ಅಂದ ಕೂಡಲೇ ನಿಮ್ಮ ಕಣ್ಣೆದುರು ಬರುವುದೇನು? ಬಿಳಿ ಕೋಟು, ಹಾಸಿಗೆಗಳ ಸಾಲು. ಮಂತ್ರಿಗಳು ಟೇಪು ಕತ್ತರಿಸುವುದೂ ಅದಕ್ಕೇ. "ಇಷ್ಟು ಹಾಸಿಗೆ ಕೊಟ್ಟೆವು" ಅನ್ನುತ್ತಾರೆ, ನಾವು ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿರುವ ತಾಮ್ರದ ಕೊಳವೆಯ ಆ ತುದಿಯಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದೀರಾ?

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಬತ್ತಿತು. ಒಂದು ದಿನದೊಳಗೆ 24 ಜನ ಸತ್ತರು! ಅವರೆಲ್ಲ ಆಮ್ಲಜನಕ ಇಲ್ಲದೆಯೇ ಸತ್ತರೇ ಎಂದು ಆಳುವವರು ವಾದಕ್ಕೆ ನಿಂತರು. ಕೊನೆಗೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿಯನ್ನು ಹೈಕೋರ್ಟೇ ನೇಮಿಸಬೇಕಾಯಿತು. ಹಾಸಿಗೆ ಇತ್ತು, ಡಾಕ್ಟರಿದ್ದರು. ಇಲ್ಲದ್ದು ಸುಮಾರು 60 ಕಿಲೋಮೀಟರು ದೂರದ ಮೈಸೂರಿನಿಂದ ಬರಬೇಕಾಗಿದ್ದ ಸಿಲಿಂಡರು.

ಲೆಕ್ಕ ಹಾಕಿ ನೋಡಿ. ಮೈ ಕಪ್ಪು, ಹೆಗಲು ಬಿಳಿ ಇರುವ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರು ಆಮ್ಲಜನಕ. ನಿಮಿಷಕ್ಕೆ 10 ಲೀಟರು ಬೇಕಾದ ಒಬ್ಬ ರೋಗಿಗೆ ಅದು ಹನ್ನೊಂದೂವರೆ ಗಂಟೆಯ ಉಸಿರು, ಅಷ್ಟೇ. ಅಂಥವರು 40 ಜನ ಇದ್ದರೆ ದಿನಕ್ಕೆ 82 ಸಿಲಿಂಡರು. ಹೊತ್ತು ತರಬೇಕು, ಜೋಡಿಸಬೇಕು, ಖಾಲಿಯಾದದ್ದನ್ನು ತುಂಬಿಸಲು ಮತ್ತೆ ಕಳಿಸಬೇಕು. ನಟ್ಟಿರುಳಲ್ಲಿ ಸ್ಪ್ಯಾನರು ಹಿಡಿದು ನಿಂತ ಆ ಹುಡುಗನಿಗೆ ಯಾವ ಸನ್ಮಾನವೂ ಇಲ್ಲ, ಹಾರವೂ ಇಲ್ಲ.

ದ್ರವರೂಪದಲ್ಲಿ ತಂದರೆ ಒಂದು ಲೀಟರು ಸುಮಾರು 860 ಲೀಟರು ಅನಿಲವಾಗುತ್ತದೆ. ಆದರೆ ಅದನ್ನು ಸೊನ್ನೆಗಿಂತ 183 ಡಿಗ್ರಿ ಕೆಳಗೆ ಇಡಬೇಕು. ಅದಕ್ಕೆ ಬೇರೆಯೇ ಟ್ಯಾಂಕರು, ಆಸ್ಪತ್ರೆಯ ಅಂಗಳದಲ್ಲಿ ಬೇರೆಯೇ ಟ್ಯಾಂಕು. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೇ ಅದು ತಯಾರಾಗುತ್ತದೆ. ಹಂಚುವ ಕೈ ಮಾತ್ರ ದೆಹಲಿಯಲ್ಲಿತ್ತು! ದಿನಕ್ಕೆ 965 ಟನ್ನಿನ ಪಾಲನ್ನು 1,200 ಟನ್ನಿಗೆ ಏರಿಸಿ ಎಂದು ನಮ್ಮ ಹೈಕೋರ್ಟು ಹೇಳಿದರೆ, ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಓಡಿತು. ಮೇ 7ರಂದು ಅಲ್ಲಿ ಬರಿಗೈಯಲ್ಲಿ ಹಿಂತಿರುಗಿತು.

ಆಮೇಲೆ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಘಟಕಗಳು ಆಸ್ಪತ್ರೆಗಳಿಗೆ ಬಂದವು. ಜಿಯೊಲೈಟ್ ಎಂಬ ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದು ಕೊಳವೆಗೆ. ಒಳ್ಳೆಯದೇ. ಆದರೆ ಕರೆಂಟು ಹೋದರೆ? ಫಿಲ್ಟರು ಕಟ್ಟಿಕೊಂಡರೆ? ಕಂಪ್ರೆಸರು ಕೆಟ್ಟರೆ? ಮಿಷನ್ನು ಕೊಟ್ಟವರು ರಿಪೇರಿಯವನನ್ನೂ ಕೊಟ್ಟಿದ್ದಾರೆಯೇ? ಯಾವ ವಾಲ್ವು ತಿರುಗಿಸಬೇಕು, ಯಾರಿಗೆ ಫೋನು ಮಾಡಬೇಕು ಎಂಬುದು ಅಲ್ಲಿ ರಾತ್ರಿ ಪಾಳಿ ಮಾಡುವವನಿಗೆ ತಿಳಿಯುವ ಕನ್ನಡದಲ್ಲಿ ಗೋಡೆಯ ಮೇಲಿದೆಯೇ?

ನೀವು ಓದಿದವರು. ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯ ಹಿಂಬದಿಗೆ ಹೋಗಿ ಬನ್ನಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಕಟ್ಟಿ ಕನ್ನಡದಲ್ಲೇ ಅರ್ಜಿ ಬರೆಯಿರಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಘಟಕ ಕಡೆಯ ಸಲ ಓಡಿದ್ದು ಯಾವಾಗ, ಸರ್ವೀಸು ಆದದ್ದು ಯಾವಾಗ, ಜನರೇಟರಿಗೆ ಎಷ್ಟು ಹೊತ್ತಿನ ಡೀಸೆಲ್ ಇದೆ, ಇಷ್ಟನ್ನು ಕೇಳಿ.